ವರ್ಷಕ್ಕೆ ನಲವತ್ತು ಡಾಲರಿನ ಊಟ

ತಿಂಗಳ ಮೊದಲ ವಾರದಲ್ಲಿ ಮನೆಯೊಡತಿ ದಿನಸಿಯ ಪಟ್ಟಿ ಬರೆಯಲು ಕುಳಿತಾಗ ಆಕೆಯ ಮನಸ್ಸಿನೊಳಗೆ ನಡೆಯುವ ವ್ಯಾಪಾರವನ್ನು ಗಣಿತವೆಂದು ಕರೆಯುವ ಅಭ್ಯಾಸ ನಮಗಿಲ್ಲ. ತೊಗರಿಬೇಳೆ ತುಟ್ಟಿಯಾಗಿದ್ದರೆ ಹೆಸರುಬೇಳೆಯನ್ನು ತುಸು ಹೆಚ್ಚಾಗಿ ತರಿಸಬಹುದೆ, ಅಕ್ಕಿಯ ಪಾಲನ್ನು ಇಳಿಸಿ ರಾಗಿಯನ್ನು ಕೂಡಿಸಿದರೆ ಮಕ್ಕಳು ಮುಖ ಸಿಂಡರಿಸದೆ ಉಂಡಾರೆ, ಮಗುವಿನ ಹಾಲಿಗೆ ಕೈಹಚ್ಚದೆ ಕಾಫಿಪುಡಿಯಲ್ಲಿ ಎಷ್ಟು ಉಳಿಸಬಹುದು ಎಂಬ ಹತ್ತಾರು ಪ್ರಶ್ನೆಗಳಿಗೆ ಏಕಕಾಲದಲ್ಲಿ ಉತ್ತರ ಹುಡುಕಿ, ಒಟ್ಟು ಮೊತ್ತವನ್ನು ಸಂಬಳದ ಎಲ್ಲೆಯೊಳಗೆ ನಿಲ್ಲಿಸುವುದು ಆಕೆಗೆ ನಿತ್ಯದ ಮಾತು. ವಿದ್ವಾಂಸರು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಅದರ ಸುತ್ತ ಒಂದು ಶಾಸ್ತ್ರವೇ ಬೆಳೆಯಿತು. ಉದ್ಯಮ ನಿರ್ವಹಣೆಯ ಶಾಲೆಗಳಲ್ಲಿ ಇಂದು ಅದನ್ನು ‘ಲೀನಿಯರ್ ಪ್ರೋಗ್ರಾಮಿಂಗ್’ ಎಂಬ ಹೆಸರಿನಿಂದ ಕಲಿಸುತ್ತಾರೆ. ಹೆಸರನ್ನು ಕೇಳಿದೊಡನೆ ವಾಚಕರು ಪುಟ ತಿರುವಿ ಧಾರಾವಾಹಿಯತ್ತ ಹೋಗಬಾರದೆಂದು ಪ್ರಾರ್ಥನೆ. ಕನ್ನಡದ ಪಾಠ ಹೇಳುವವನಿಗೆ ಅರ್ಥವಾದುದು ಯಾರಿಗೆ ತಾನೆ ಅರ್ಥವಾಗದು?

1945ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಅವರು ಒಂದು ಲೇಖನವನ್ನು ಪ್ರಕಟಿಸಿದರು. 154 ಪೌಂಡು, ಎಂದರೆ ಸುಮಾರು 70 ಕಿಲೋ ತೂಗುವ, ಸಾಧಾರಣ ದುಡಿಮೆಯ ಗಂಡಸೊಬ್ಬನು ಆರೋಗ್ಯದಿಂದ ಇರಲು ಬೇಕಾದ ಅತ್ಯಂತ ಅಗ್ಗದ ಆಹಾರ ಯಾವುದು ಎಂಬುದು ಅವರ ಪ್ರಶ್ನೆ. 77 ಆಹಾರಪದಾರ್ಥಗಳ ಬೆಲೆಯನ್ನೂ ಅವುಗಳಲ್ಲಿರುವ ಸತ್ವಗಳನ್ನೂ ಅವರು ಪಟ್ಟಿ ಮಾಡಿದರು. ಶರೀರಕ್ಕೆ ಬೇಕಾದವು ಒಂಬತ್ತು: ಶಾಖ, ಪ್ರೋಟೀನು, ಸುಣ್ಣ, ಕಬ್ಬಿಣ ಮತ್ತು ಐದು ಬಗೆಯ ಜೀವಸತ್ವಗಳು. ಆಗ ಲೆಕ್ಕಕ್ಕೆ ಸಿದ್ಧವಾದ ದಾರಿಯಿರಲಿಲ್ಲವಾದುದರಿಂದ, ದುಬಾರಿಯಾದವನ್ನು ಒಂದೊಂದಾಗಿ ಕೈಬಿಡುತ್ತ, ಉಳಿದವನ್ನು ಕೂಡಿಸಿ ಕಳೆದು ನೋಡುತ್ತ ಅವರು ಒಂದು ಉತ್ತರವನ್ನು ತಲುಪಿದರು. ವರ್ಷಕ್ಕೆ 370 ಪೌಂಡು ಗೋಧಿಹಿಟ್ಟು, ನೀರಿಂಗಿಸಿದ ಹಾಲಿನ 57 ಡಬ್ಬ, 111 ಪೌಂಡು ಎಲೆಕೋಸು, 23 ಪೌಂಡು ಪಾಲಕ್ ಸೊಪ್ಪು, 285 ಪೌಂಡು ಬಿಳಿಯ ಒಣ ಬೀನ್ಸ್ ಕಾಳು, ಇಷ್ಟೆ. 1939ರ ಬೆಲೆಯಲ್ಲಿ ವರ್ಷದ ಖರ್ಚು 39 ಡಾಲರು 93 ಸೆಂಟು. ದಿನಕ್ಕೆ ಹನ್ನೊಂದು ಸೆಂಟು ಕೂಡ ಅಲ್ಲ!

ಇದನ್ನು ಓದಿ ನಕ್ಕುಬಿಡುವುದು ಸುಲಭ. ಆದರೆ ಸ್ಟಿಗ್ಲರ್ ಅವರು ಈ ಊಟವನ್ನು ಯಾರಿಗೂ ಬಡಿಸಲು ಹೊರಟಿರಲಿಲ್ಲ. ಬಡವರಿಗೆಂದು ಆಹಾರತಜ್ಞರು ಅಂದು ಸಿದ್ಧಪಡಿಸುತ್ತಿದ್ದ ‘ಅಗ್ಗದ ಆಹಾರ’ಕ್ಕೆ ಇದಕ್ಕಿಂತ ಬಹಳ ಹೆಚ್ಚು ಖರ್ಚು ತಗಲುತ್ತಿತ್ತು. ಹೆಚ್ಚಿನ ಹಣ ಹೋಗುತ್ತಿದ್ದುದು ಎಲ್ಲಿಗೆ? ರುಚಿಗೆ, ಬದಲಾವಣೆಗೆ, ನಾಲ್ಕು ಜನರ ಮುಂದೆ ಮರ್ಯಾದೆಯೆನಿಸುವ ಮಾಂಸದಂತಹ ಪದಾರ್ಥಗಳಿಗೆ. ಇವು ಬೇಡವೆಂದು ಅವರು ವಾದಿಸಲಿಲ್ಲ. ಶರೀರ ಕೇಳುವುದು ಎಷ್ಟು, ರೂಢಿ ಕೇಳುವುದು ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಹೇಳದೆ, ಎರಡನ್ನೂ ವಿಜ್ಞಾನದ ಹೆಸರಿನಲ್ಲಿ ಒಂದೇ ಗಂಟು ಕಟ್ಟಿ ಕೊಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ನನಗಂತೂ ಈ ಆಕ್ಷೇಪಣೆ ನ್ಯಾಯವಾದುದಾಗಿಯೇ ತೋರುತ್ತದೆ.

ಎರಡು ವರ್ಷಗಳ ತರುವಾಯ, 1947ರಲ್ಲಿ, ಅಮೆರಿಕದ ವಾಯುಸೇನೆಗೆ ಗಣಿತದ ಸಲಹೆಗಾರರಾಗಿದ್ದ ಜಾರ್ಜ್ ಡಾಂಟ್ಜಿಗ್ ಅವರು ಇಂತಹ ಪ್ರಶ್ನೆಗಳನ್ನು ಬಿಡಿಸುವ ದಾರಿಯನ್ನು ಕಂಡುಹಿಡಿದರು. ಅದರ ಹೆಸರು ‘ಸಿಂಪ್ಲೆಕ್ಸ್’. ಹಲವು ಮುಖಗಳಲ್ಲಿ ಸಾಣೆಹಿಡಿದ ಹರಳೊಂದನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಂದು ಮುಖವೂ ಒಂದು ಷರತ್ತು: ಸುಣ್ಣ ಇಷ್ಟಕ್ಕಿಂತ ಕಡಿಮೆಯಾಗಬಾರದು, ಶಾಖ ಇಷ್ಟಕ್ಕಿಂತ ಕಡಿಮೆಯಾಗಬಾರದು. ಷರತ್ತುಗಳನ್ನೆಲ್ಲ ಪಾಲಿಸುವ ಊಟಗಳು ಆ ಹರಳಿನೊಳಗಿವೆ. ಅಗ್ಗವಾದ ಊಟವನ್ನು ಮಾತ್ರ ಒಳಗೆಲ್ಲ ತಡಕಬೇಕಾಗಿಲ್ಲ. ಅದು ಯಾವುದಾದರೊಂದು ಮೂಲೆಯಲ್ಲಿ ಸಿಕ್ಕೇ ಸಿಕ್ಕುತ್ತದೆ. ಒಂದು ಮೂಲೆಯಲ್ಲಿ ನಿಂತು, ಖರ್ಚು ಇಳಿಯುವ ಪಕ್ಕದ ಮೂಲೆಗೆ ಅಂಚಿನ ಮೇಲೆ ನಡೆದು, ಇನ್ನು ಇಳಿಯುವ ದಾರಿಯಿಲ್ಲವೆಂದಾಗ ನಿಂತರೆ ಉತ್ತರ ದೊರಕಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಒಂಬತ್ತೇ ಷರತ್ತುಗಳಿದ್ದರೆ ಅಂತಹ ಮೂಲೆಯ ಊಟದಲ್ಲಿ ಒಂಬತ್ತಕ್ಕಿಂತ ಹೆಚ್ಚು ಪದಾರ್ಥಗಳು ಇರಲಾರವು. ಸ್ಟಿಗ್ಲರರ ಎಲೆ ಅಷ್ಟು ಬರಿದಾಗಿದ್ದುದು ಅವರ ಜಿಪುಣತನದಿಂದಲ್ಲ, ಲೆಕ್ಕದ ಸ್ವಭಾವದಿಂದ.

ಹೊಸ ದಾರಿಯನ್ನು ಪರೀಕ್ಷಿಸಲು ಆರಿಸಿಕೊಂಡ ಮೊದಲ ದೊಡ್ಡ ಲೆಕ್ಕ ಈ ಊಟದ್ದೇ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಜಾಕ್ ಲ್ಯಾಡರ್‌ಮನ್ ಅವರ ಮೇಲ್ವಿಚಾರಣೆಯಲ್ಲಿ ಒಂಬತ್ತು ಮಂದಿ ಗುಮಾಸ್ತರು ಮೇಜಿನ ಮೇಲಿನ ಲೆಕ್ಕದ ಯಂತ್ರಗಳನ್ನು ಹಿಡಿದು ಕುಳಿತರು. ಒಬ್ಬನ ಒಂದು ದಿನದ ಕೆಲಸವನ್ನು ಒಂದೆಂದು ಎಣಿಸಿದರೆ ಸುಮಾರು 120 ದಿನಗಳ ದುಡಿಮೆ. ಉತ್ತರ: 39 ಡಾಲರು 69 ಸೆಂಟು. ಸ್ಟಿಗ್ಲರ್ ಅವರು ಅಂದಾಜಿನಿಂದ ತಲುಪಿದ ಮೊತ್ತಕ್ಕೂ ಇದಕ್ಕೂ ವರ್ಷಕ್ಕೆ 24 ಸೆಂಟಿನ ಅಂತರ! ಇಂದು ಅದೇ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ 39 ಡಾಲರು 66 ಸೆಂಟು ಎಂದು ಉತ್ತರ ಬರುತ್ತದೆ.

ಡಾಂಟ್ಜಿಗ್ ಅವರಿಗಿಂತ ಮೊದಲೇ, 1939ರಲ್ಲಿ, ಲೆನಿನ್‌ಗ್ರಾಡಿನ ಲಿಯೊನಿದ್ ಕಾಂಟೊರೊವಿಚ್ ಅವರು ಪ್ಲೈವುಡ್ ಕಾರ್ಖಾನೆಯ ಯಂತ್ರಗಳ ಕೆಲಸವನ್ನು ಹಂಚುವ ಪ್ರಶ್ನೆಯಿಂದ ಹೊರಟು ಇದೇ ವಿಚಾರವನ್ನು ಮುಟ್ಟಿದ್ದರೆಂಬುದನ್ನೂ, ಅದಕ್ಕಾಗಿ 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಅವರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡರೆಂಬುದನ್ನೂ ಇಲ್ಲಿ ಹೇಳಬೇಕು. ಡಾಂಟ್ಜಿಗ್ ಅವರಿಗೆ ಆ ಬಹುಮಾನ ದೊರೆಯಲಿಲ್ಲ.

ಮತ್ತೆ ಊಟಕ್ಕೆ ಬರೋಣ. ಕಂಪ್ಯೂಟರು ಉಳಿಸಿದ ಆ 27 ಸೆಂಟು ಎಲ್ಲಿಂದ ಬಂದಿತು? ಅದರ ಪಟ್ಟಿಯಲ್ಲಿ ಡಬ್ಬದ ಹಾಲು ಇಲ್ಲ. ಆ ಜಾಗದಲ್ಲಿ ದನದ ಯಕೃತ್ತು, ಎಂದರೆ ಲಿವರ್, ಬಂದು ಕುಳಿತಿದೆ. ನಮ್ಮ ಹಲವು ಮನೆಗಳಲ್ಲಿ ಇದು ಚರ್ಚೆಗೇ ಬಾರದ ಮಾತು. ಲೆಕ್ಕಕ್ಕೆ ಅದು ಗೊತ್ತಿಲ್ಲ. ಹೇಳಿದರೆ ಮಾತ್ರ ಗೊತ್ತಾಗುತ್ತದೆ. ‘ಯಕೃತ್ತು ಬೇಡ’ ಎಂಬ ಷರತ್ತನ್ನು ಬರೆದುಬಿಟ್ಟರೆ ವರ್ಷಕ್ಕೆ ಹೆಚ್ಚೆಂದರೆ 27 ಸೆಂಟು ಹೆಚ್ಚಾದೀತು. ಈ ಶಾಸ್ತ್ರದ ನಿಜವಾದ ಉಪಕಾರ ಇಲ್ಲಿದೆ. ಪ್ರತಿಯೊಂದು ಷರತ್ತಿಗೂ ತೆರಬೇಕಾದ ಬೆಲೆ ಎಷ್ಟೆಂದು ಅದು ತೋರಿಸಿಕೊಡುತ್ತದೆ. ಕೆಲವಕ್ಕೆ ಬೆಲೆಯೇ ಇಲ್ಲ: ಆ ಅಗ್ಗದ ಊಟದಲ್ಲಿ ಕಬ್ಬಿಣವು ಬೇಕಾದುದರ ಐದರಷ್ಟಿರುವುದರಿಂದ, ಕಬ್ಬಿಣದ ಷರತ್ತನ್ನು ತುಸು ಬಿಗಿಗೊಳಿಸಿದರೂ ಕಾಸು ಕೂಡ ಏರುವುದಿಲ್ಲ. ಸುಣ್ಣದ ಷರತ್ತನ್ನು ಬಿಗಿಗೊಳಿಸಿದೊಡನೆ ಖರ್ಚು ಏರುತ್ತದೆ. ಒಂದೇ ಕಾಳನ್ನು ದಿನವೂ ತಿನ್ನಲಾರೆವು ಎಂಬ ಷರತ್ತನ್ನೂ ಹೀಗೆಯೇ ಬರೆದು ಅದರ ಬೆಲೆಯನ್ನು ತಿಳಿಯಬಹುದು. ರುಚಿಗೆ ಲೆಕ್ಕವಿಲ್ಲ ಎನ್ನುವವರೂ, ಲೆಕ್ಕಕ್ಕೆ ರುಚಿ ಬೇಡ ಎನ್ನುವವರೂ ಈ ಮಾತನ್ನು ಗಮನಿಸಬೇಕು.

ಬರೆಯದೆ ಬಿಟ್ಟರೆ ಆಗುವುದೇನು ಎಂಬುದಕ್ಕೆ ಡಾಂಟ್ಜಿಗ್ ಅವರೇ ಸಾಕ್ಷಿ. 1950ರ ದಶಕದ ಮೊದಲ ವರ್ಷಗಳಲ್ಲಿ ವೈದ್ಯರು ಅವರಿಗೆ ತೂಕ ಇಳಿಸಲು ಹೇಳಿದರು. ಮಹಾಶಯರು ತಮ್ಮ ಪಥ್ಯವನ್ನು ಕಂಪ್ಯೂಟರಿನಿಂದಲೇ ಬರೆಸಲು ನಿಶ್ಚಯಿಸಿದರು. ಹೊಟ್ಟೆ ತುಂಬಿದ ತೃಪ್ತಿ ಹೆಚ್ಚಾಗಬೇಕು, ಶಾಖ ಮಿತಿ ಮೀರಬಾರದು. ತೃಪ್ತಿಯನ್ನು ಅಳೆಯುವುದು ಹೇಗೆ? ಆಹಾರದ ತೂಕದಿಂದ ಅದರಲ್ಲಿರುವ ನೀರನ್ನು ಕಳೆದು. ಯಂತ್ರವು ಕೊಟ್ಟ ಮೊದಲ ಪಟ್ಟಿಯಲ್ಲಿ 500 ಗ್ಯಾಲನ್ ವಿನಿಗರ್ ಇತ್ತು! ಕೋಷ್ಟಕದಲ್ಲಿ ವಿನಿಗರಿನ ನೀರಿನ ಅಂಶ ಸೊನ್ನೆಯೆಂದು ನಮೂದಾಗಿತ್ತು; ಯಂತ್ರಕ್ಕೆ ಅದಕ್ಕಿಂತ ತೃಪ್ತಿಕರವಾದ ಪದಾರ್ಥ ಇನ್ನಾವುದಿದ್ದೀತು? ವಿನಿಗರನ್ನು ತೆಗೆದುಹಾಕಿದರೆ, ಮಾಂಸದ ಸಾರನ್ನು ಒಣಗಿಸಿ ಮಾಡಿದ ಉಪ್ಪುಪ್ಪಾದ ಬಿಲ್ಲೆಗಳು ದಿನಕ್ಕೆ 200 ಎಂದಿತು. ಉಪ್ಪಿಗೆ ಮೇಲಿನ ಮಿತಿಯನ್ನು ಯಾರೂ ಬರೆದಿರಲಿಲ್ಲ. ಡಾಂಟ್ಜಿಗ್ ಅವರು ಕೆಲವೇ ಬಿಲ್ಲೆಗಳನ್ನು ನೀರಿನಲ್ಲಿ ಕದಡಿ ಬಾಯಿಗಿಟ್ಟು ನೋಡಿದರು, ಕುಡಿಯಲಾಗಲಿಲ್ಲ. ಅದಕ್ಕೆ ಮಿತಿ ಹಾಕಿದಾಗ ದಿನಕ್ಕೆ ಎರಡು ಪೌಂಡು ಗೋಧಿತೌಡು ಬಂದಿತು. ಅದಕ್ಕೂ ಮಿತಿ ಹಾಕಿದಾಗ ಕಾಕಂಬಿ. ಕೊನೆಗೆ ಪತ್ನಿ ಆನ್ ಅವರು, ಯಂತ್ರದ ಪಟ್ಟಿಗಳಲ್ಲಿ ತಮಗೆ ಸರಿತೋರಿದುದನ್ನು ಮಾತ್ರ ಆರಿಸಿಕೊಂಡು, ತಮ್ಮದೇ ಪಥ್ಯವನ್ನು ಪತಿಗೆ ವಿಧಿಸಿದರು. ಡಾಂಟ್ಜಿಗ್ ಅವರ ತೂಕ 22 ಪೌಂಡು ಇಳಿಯಿತು.

ಊಟದ ಲೆಕ್ಕವು ನಿರಾತಂಕವಾಗಿ ಸಾಗಿದುದು ಕೋಳಿ ಮತ್ತು ದನಗಳ ಆಹಾರ ತಯಾರಿಸುವ ಕಾರ್ಖಾನೆಗಳಲ್ಲಿ. ಜೋಳದ ಬೆಲೆ ಏರಿತೆ, ಹಿಂಡಿಯ ಬೆಲೆ ಇಳಿಯಿತೆ ಎಂದು ನೋಡಿ ಮಿಶ್ರಣವನ್ನು ಬದಲಿಸುತ್ತಾರೆ. ಕೋಳಿ ನಿನ್ನೆಯದೇ ಇವತ್ತೂ ಏಕೆಂದು ಕೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ, 1964ರಲ್ಲಿ ಜೋಸೆಫ್ ಬಾಲಿಂಟ್‌ಫಿ ಎಂಬವರು ಪದಾರ್ಥಗಳ ಬದಲಾಗಿ ಸಿದ್ಧವಾದ ಅಡಿಗೆಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಊಟದ ಪಟ್ಟಿಯನ್ನು ಕಂಪ್ಯೂಟರಿನಿಂದ ಸಿದ್ಧಪಡಿಸುವ ಕ್ರಮವನ್ನು ಪ್ರಕಟಿಸಿದರು. ಹಿಟ್ಟು, ಎಲೆಕೋಸು ಎನ್ನುವ ಬದಲು ಪಲ್ಯ, ಹುಳಿ, ಪಾಯಸವೆಂದು ಎಣಿಸಿದಂತೆ.

ಈಗ ಈ ಲೆಕ್ಕ ಅತ್ಯಂತ ಗಂಭೀರವಾಗಿರುವುದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದಲ್ಲಿ. ಯುದ್ಧದಿಂದಲೋ ಬರದಿಂದಲೋ ನೆಲೆತಪ್ಪಿದವರಿಗೆ ಯಾವ ಧಾನ್ಯ, ಯಾವ ಬೇಳೆ, ಎಷ್ಟು ಎಣ್ಣೆ. ಅದನ್ನು ಎಲ್ಲಿ ಕೊಂಡು ಯಾವ ದಾರಿಯಿಂದ ಸಾಗಿಸಬೇಕು ಎಂಬುದನ್ನು ಒಟ್ಟಿಗೆ ಬಿಡಿಸುವ ‘ಆಪ್ಟಿಮಸ್’ ಎಂಬ ಸಾಧನ ಅವರಲ್ಲಿದೆ. ಇಂತಹ ಕೆಲಸಕ್ಕಾಗಿ ಆ ಸಂಸ್ಥೆಗೆ 2021ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಬಂದಿತು. ಇಲ್ಲಿ ಉಳಿಸಿದ ಪ್ರತಿಯೊಂದು ಡಾಲರೂ ಇನ್ನೊಬ್ಬರ ತುತ್ತಾಗಬಲ್ಲುದು. ಆದುದರಿಂದ ಅಗ್ಗವನ್ನು ಹುಡುಕುವುದು ಜಿಪುಣತನವಲ್ಲ. ಆದರೆ ಆನ್ ಅವರಂತೆ ಪಟ್ಟಿಯನ್ನು ಪಕ್ಕಕ್ಕಿಡುವ ಅನುಕೂಲ ಶಿಬಿರದಲ್ಲಿ ಮಕ್ಕಳ ಕೈಹಿಡಿದು ಸಾಲಿನಲ್ಲಿ ನಿಂತ ತಾಯಿಗೆ ಇಲ್ಲ. ಆಕೆಗೆ ಬೇಯಿಸಿ ಗೊತ್ತಿಲ್ಲದ ಕಾಳು ಪಡಿತರದಲ್ಲಿ ಬಾರದಿರಬೇಕಾದರೆ, ಆ ಕಾಳಿನ ಎದುರಿಗೆ ‘ಇದಕ್ಕಿಂತ ಹೆಚ್ಚು ಬೇಡ’ ಎಂಬ ಅಂಕಿಯನ್ನು, ಲೆಕ್ಕ ಆರಂಭವಾಗುವ ಮೊದಲೇ, ಆ ಸೀಮೆಯ ಅಡಿಗೆಯನ್ನು ಬಲ್ಲವರೊಬ್ಬರು ಬರೆದಿರಬೇಕು.