ಡಿಸ್ಚಾರ್ಜ್ ಆದ ಮೇಲೆ

ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ದಾರಿಯಲ್ಲಿ ನೇಸರಗಿ ಇದೆ. ಕಬ್ಬಿನ ಹಂಗಾಮಿನಲ್ಲಿ, ಹಿಂದೆ ದೀಪವಿಲ್ಲದ ಟ್ರೇಲರಿಗೆ ರಾತ್ರಿ ಬೈಕು ಗುದ್ದಿದರೆ ಮುಂದೇನು ಮಾಡಬೇಕೆಂಬುದು ಈ ಸೀಮೆಗೆ ಗೊತ್ತು. 108ಕ್ಕೆ ಫೋನು, ಬೆಳಗಾವಿ, ಸ್ಕ್ಯಾನು, ಬೇಕಾದರೆ ಆಪರೇಷನ್ನು. ರೇಷನ್ ಕಾರ್ಡಿದ್ದರೆ ಸರಕಾರದ ನೆರವೂ ಉಂಟು. ‘ಇನ್ನ ಜೀವಕ್ಕೇನೂ ಭಯ ಇಲ್ಲ’ ಎಂದು ಡಾಕ್ಟರು ಮನೆಗೆ ಕಳಿಸಿದ ದಿನ ಎಲ್ಲ ಮುಗಿಯಿತೆಂದು ಜನ ತಿಳಿಯುತ್ತಾರೆ. ಮಿದುಳಿನ ಚಿಕಿತ್ಸೆಯ ದೊಡ್ಡ ಪಾಲು ಶುರುವಾಗಬೇಕಾದದ್ದೇ ಅಂದು, ಅದೂ ಮನೆಯಲ್ಲಿ.

ಕಾಲು ಮುರಿದವನಿಗೆ ಊರೇ ಮರುಗುತ್ತದೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟು ಬಿದ್ದವನು ಓಡಾಡುತ್ತಾನೆ, ಉಣ್ಣುತ್ತಾನೆ, ಬೀಗರ ಗುರುತು ಹಿಡಿಯುತ್ತಾನೆ. ಆದರೆ ಎಮ್ಮೆ ಹಿಂಡುವ ಹೊತ್ತಾಯಿತೆಂದು ಗೊತ್ತಿದ್ದೂ ಕೂತಲ್ಲೇ ಕೂರುತ್ತಾನೆ, ಸಣ್ಣ ಮಾತಿಗೆ ಸಿಡಿಯುತ್ತಾನೆ. ಮನೆಯವರು ಮೊದಲು ‘ಮೊದಲಿನಂಗಿಲ್ಲ’ ಅನ್ನುತ್ತಾರೆ, ಆರು ತಿಂಗಳಿಗೆ ‘ಸೊಕ್ಕು’ ಅನ್ನುತ್ತಾರೆ. ಕೆಲಸಕ್ಕೆ ಕೈಹಚ್ಚುವ ಶಕ್ತಿಯೇ ಗಾಯಗೊಂಡಿದೆಯೆಂದು ಅವರಿಗೆ ಹೇಳಿದವರಿಲ್ಲ. ಕಾನೂನಿನ ಕಣ್ಣಿಗೂ ಅದು ಸರಿಯಾಗಿ ಬಿದ್ದಿಲ್ಲ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ತಲೆಪೆಟ್ಟಿಗೆ ತನ್ನದೇ ಆದ ಸಾಲಿಲ್ಲ.

ಇಂಥವನಿಗೆ ಕಲಿಸುವ ಬಗೆಯೇ ಬೇರೆ. ಚರಿಗೆ ತೊಳೆ, ಕರು ಬಿಡು, ಕೆಚ್ಚಲು ತೊಳೆ, ಹಿಂಡು. ದಿನವೂ ಅದೇ ಕ್ರಮ, ಅದೇ ಹೊತ್ತು. ತಪ್ಪುವ ಮುಂಚೆಯೇ ಮುಂದಿನ ಹೆಜ್ಜೆ ಹೇಳಿಕೊಡಬೇಕು. ತಪ್ಪು ಮಾಡಿಯೇ ಕಲಿಯಲಿ ಎಂಬ ನಮ್ಮ ಮಾಸ್ತರಿಕೆ ಇಲ್ಲಿ ನಡೆಯದು, ನೆನಪು ಕುಂದಿದವನಲ್ಲಿ ಆ ತಪ್ಪೇ ಬೇರೂರುತ್ತದೆ. ಮರೆವಿಗೆ ಗೋಡೆಯ ಕ್ಯಾಲೆಂಡರು, ಮೊಬೈಲಿನ ಅಲಾರಾಂ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರ ಪುನರ್ವಸತಿ ವಿಭಾಗವಿದೆ, ನುರಿತವರಿದ್ದಾರೆ. ಆದರೆ ಸುಮಾರು 500 ಕಿಲೋಮೀಟರ್ ದೂರದ ಆ ಕೋಣೆಗೆ ಎಮ್ಮೆ ಬರುವುದಿಲ್ಲವಲ್ಲ!

ಮನೆಯ ಆರೈಕೆಯೆಂದರೆ ಕಳಪೆ ಆರೈಕೆಯೆಂದು ಭಾವಿಸಬೇಕಿಲ್ಲ. ಅಮೆರಿಕದಲ್ಲಿ ತಲೆಪೆಟ್ಟಾದ 120 ಸೈನಿಕರ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಕೆಲವರಿಗೆ ಎಂಟು ವಾರ ಆಸ್ಪತ್ರೆಯಲ್ಲಿ ತರಬೇತಿ, ಉಳಿದವರಿಗೆ ಮನೆಯಲ್ಲೇ ಅಭ್ಯಾಸ, ಜೊತೆಗೆ ವಾರಕ್ಕೊಮ್ಮೆ ನರ್ಸಿನ ಫೋನು. ವರ್ಷದ ಕೊನೆಗೆ ಕೆಲಸಕ್ಕೆ ಮರಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಒಂದು ತಾಸಿಗಿಂತ ಹೆಚ್ಚು ಪ್ರಜ್ಞೆ ತಪ್ಪಿದ್ದವರಲ್ಲಿ ಮಾತ್ರ ಆಸ್ಪತ್ರೆಯ ತರಬೇತಿ ಪಡೆದವರೇ ಸೇವೆಗೆ ಹೆಚ್ಚು ಯೋಗ್ಯರಾದರು. ಅಂದರೆ ಪೆಟ್ಟು ಭಾರಿಯಾಗಿದ್ದರೆ ದೊಡ್ಡ ಆಸ್ಪತ್ರೆ ಬೇಕೇ ಬೇಕು.

ಆ ಅಧ್ಯಯನದಲ್ಲಿ ಮನೆಯೊಂದೇ ಇರಲಿಲ್ಲ, ನರ್ಸಿನ ಆ ಫೋನೂ ಇತ್ತು. ನಮ್ಮಲ್ಲಿ ‘ಮನೆಯವರು ನೋಡಿಕೊಳ್ಳಲಿ’ ಅಂದರೆ ಹೆಂಡತಿಯೋ ತಾಯಿಯೋ ನೋಡಿಕೊಳ್ಳಲಿ ಎಂದೇ ಅರ್ಥ. ಕೂಲಿ ಬಿಟ್ಟು, ಬೈಗುಳ ತಿಂದು, ಒಂದು ಚೀಟಿಯ ಮಾರ್ಗದರ್ಶನವೂ ಇಲ್ಲದೆ. ಆಪರೇಷನ್ನಿಗೆ ಲಕ್ಷಗಟ್ಟಲೆ ಕೊಡುವ ಯೋಜನೆ ಆಮೇಲಿನ ಒಂದು ವರ್ಷದ ತರಬೇತಿಗೂ ದುಡ್ಡು ಕಟ್ಟಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಅವರಿಗೆ ತಲೆಪೆಟ್ಟಿನ ಪಾಠ ಹೇಳಿ, ಗೌರವಧನ ಹೆಚ್ಚಿಸಿ, ಡಿಸ್ಚಾರ್ಜ್ ಕಾಗದದ ಒಂದು ಪ್ರತಿ ಅವರ ಕೈಗೂ ಸೇರುವಂತೆ ಮಾಡಿದರೆ ವಾರದ ಆ ಫೋನು ನೇಸರಗಿಯಿಂದಲೇ ಹೋದೀತು.