ನೆರಳು ಗಿಡ್ಡ ಇದ್ದಾಗ ಬಿಸಿಲಿಗೆ ಬಾ, ಮುತ್ಯಾ!

ಹತ್ತಿಕುಣಿಯಲ್ಲಿ ಬಿಸಿಲಿಗೇನು ಬರ? ಬೇಸಿಗೆಯಲ್ಲಿ ಯಾದಗಿರಿ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಜಲಾಶಯದ ಒಡ್ಡಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು. ಇಂಥ ಊರಿನ ಮುತ್ಯಾನ ರಕ್ತಪರೀಕ್ಷೆಯ ಚೀಟಿಯಲ್ಲಿ ‘ವಿಟಮಿನ್ ಡಿ ಕಡಿಮೆ’ ಎಂದು ಬಂದರೆ ಮನೆಮಂದಿಗೆಲ್ಲ ಅಚ್ಚರಿಯೇ ಸರಿ.

ಮಕ್ಕಳೇ, ಈ ವಿಟಮಿನ್ ಊಟದಿಂದ ಸಿಗುವುದು ಬಹಳ ಕಡಿಮೆ. ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ ಚರ್ಮಕ್ಕೆ ತಾಕಿದಾಗ ಮೈಯೇ ಅದನ್ನು ತಯಾರಿಸಿಕೊಳ್ಳುತ್ತದೆ. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಲುಬು ಬಾಗಿದ ಮಕ್ಕಳಿಗೆ ನೇರಳಾತೀತ ದೀಪದ ಬೆಳಕು ಕೊಟ್ಟು ಗುಣಪಡಿಸಿದರು. ಬೆಳಕು ಬಿಟ್ಟದ್ದು ಒಂದೇ ಕೈಗೆ, ಸುಧಾರಿಸಿದ್ದು ಎರಡೂ ಕೈಯ ಎಲುಬು! ಚರ್ಮದಲ್ಲಿ ಹುಟ್ಟಿದ್ದು ರಕ್ತದ ಜೊತೆ ಮೈಯೆಲ್ಲ ಸಂಚರಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಾಗಾದರೆ ಮುತ್ಯಾನಿಗೇಕೆ ಕೊರತೆ? ವಯಸ್ಸಾದಂತೆ ಚರ್ಮ ತಯಾರಿಸುವ ಪ್ರಮಾಣ ಇಳಿಯುತ್ತದೆ. ಕಪ್ಪು ಮೈಬಣ್ಣಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಹೊಲ ಬಿಟ್ಟ ಮೇಲೆ ಪಡಸಾಲೆಯಲ್ಲೇ ದಿನ ಕಳೆಯುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ಇನ್ನೊಂದು ಕಾರಣ ನಾವೆಲ್ಲ ನಂಬಿಕೊಂಡು ಬಂದ ಎಳೆಬಿಸಿಲು. ಸೂರ್ಯ ಕೆಳಗಿದ್ದಾಗ ಕಿರಣಗಳು ಓರೆಯಾಗಿ, ಗಾಳಿಯ ದಪ್ಪ ಪದರ ದಾಟಿ ಬರಬೇಕು. ಬೇಕಾದ ಕಿರಣ ದಾರಿಯಲ್ಲೇ ಸೋಸಿಹೋಗುತ್ತದೆ. ಆರೂವರೆಯ ಬಿಸಿಲು ಮನಸ್ಸಿಗೆ ಹಿತ, ನಿಜ. ವಿಟಮಿನ್ ಮಾತ್ರ ಅದರಲ್ಲಿ ಅತ್ಯಲ್ಪ.

ಗಡಿಯಾರಕ್ಕಿಂತ ನೆರಳನ್ನು ಕೇಳುವುದು ಸುಲಭ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಒಂಬತ್ತು ದಾಟುತ್ತಲೇ ನೆರಳು ಗಿಡ್ಡಾಗುತ್ತದೆ. ಡಿಸೆಂಬರಿನಲ್ಲಿ ಹನ್ನೊಂದರವರೆಗೆ ಕಾಯಬೇಕು. ಆದರೆ ವರ್ಷದಲ್ಲಿ ಒಂದು ದಿನವೂ ಇದು ತಪ್ಪುವುದಿಲ್ಲ. ಲಂಡನ್ನಿನ ಚಳಿಗಾಲದಲ್ಲಿ ನಡುಮಧ್ಯಾಹ್ನವೂ ನೆರಳು ಉದ್ದವೇ. ಅಲ್ಲಿನ ಅಜ್ಜಂದಿರಿಗೆ ಈ ಭಾಗ್ಯವಿಲ್ಲ. ತೋಳು, ಕಾಲು ತೆರೆದು ವಾರಕ್ಕೆ ಮೂರ್ನಾಲ್ಕು ದಿನ 20 ನಿಮಿಷ ಕೂತರೆ ಒಳ್ಳೆಯದು. ಬೇಸಿಗೆಯಲ್ಲಿ ಹತ್ತರೊಳಗೆ ಎದ್ದು ನೆರಳಿಗೆ ಬನ್ನಿ, ಬಿಸಿಲು ಬಡಿದೀತು.

ಕೊರತೆ ಬಹಳವಾದರೆ ತೊಡೆ, ಭುಜದ ಸ್ನಾಯುಗಳೂ ಸೋಲುತ್ತವೆ. ಆಯಿ ನೆಲದಿಂದ ಏಳುವಾಗ ಈಚೀಚೆಗೆ ಕೈ ಊರುತ್ತಿದ್ದಾಳೆಯೇ, ಗಮನಿಸಿ. ಮೊಣಕಾಲಿನ ಸವೆತವೂ ಇರಬಹುದು, ಆದ್ದರಿಂದ ತೀರ್ಮಾನ ಡಾಕ್ಟರದು.

ಔಷಧ ಅಂಗಡಿಯ ಪುಡಿ ಪೊಟ್ಟಣದ ವಿಷಯದಲ್ಲಂತೂ ನಾನು ಕಟ್ಟುನಿಟ್ಟು. ಸಾಮಾನ್ಯವಾಗಿ ಒಂದರಲ್ಲಿ 60,000 ಯೂನಿಟ್ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ವಯಸ್ಕರಿಗೆ ದಿನಕ್ಕೆ ಹೇಳಿದ್ದು 600. ಭಾಗಿಸಿ ನೋಡಿ, ಒಂದು ಪೊಟ್ಟಣ ಎಂದರೆ 100 ದಿನದ ಪಾಲು! ವಾರಕ್ಕೊಂದು ಎಂದು ಡಾಕ್ಟರು ಬರೆದದ್ದನ್ನು ದಿನಕ್ಕೊಂದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿಯಾದ ಬಾಯಾರಿಕೆ, ಮಲಬದ್ಧತೆ ಕಾಡುತ್ತವೆ, ಮೂತ್ರಪಿಂಡವೂ ಕೆಡಬಹುದು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಅಜ್ಜಿಯರ ಮೇಲೆ ಒಂದು ಪರೀಕ್ಷೆ ನಡೆಯಿತು. ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ಒಂದೇ ಸಲ ಐದು ಲಕ್ಷ ಯೂನಿಟ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. 2010ರಲ್ಲಿ ಫಲಿತಾಂಶ ಬಂತು: ಔಷಧ ತಿಂದವರೇ ಹೆಚ್ಚು ಬಿದ್ದಿದ್ದರು, ಅವರ ಎಲುಬೇ ಹೆಚ್ಚು ಮುರಿದಿತ್ತು.

ಇನ್ನು ಮೈಕೈ ನೋವು. ದಿನವಿಡೀ ಕಳೆ ತೆಗೆದರೆ, ಕಬಡ್ಡಿ ಆಡಿದರೆ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಘಾಸಿಗೊಳ್ಳುತ್ತವೆ. ಮರುದಿನ, ಅದರ ಮರುದಿನ ನೋವು ಜೋರು. ವಿಟಮಿನ್ ಡಿ ಸಾಕಷ್ಟಿರುವವರು ಮತ್ತಷ್ಟು ನುಂಗಿದರೆ ಅದು ಬೇಗ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಎಳೆ ಕೂಡಿಕೊಳ್ಳಲು ಬೇಕಾದ್ದು ನಿದ್ದೆ ಮತ್ತು ಪ್ರೋಟೀನು. ತೋಳು ಉಬ್ಬಿಸಿ ನಿಂತವನ ಚಿತ್ರವಿರುವ ದುಬಾರಿ ಡಬ್ಬಿ ನಮ್ಮ ಮನೆಗಳಿಗೆ ಬೇಕಿಲ್ಲ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. ಜೋಳದ ರೊಟ್ಟಿಯ ಪ್ರೋಟೀನಿನಲ್ಲಿ ಕಡಿಮೆ ಬೀಳುವ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಶೇಂಗಾ ಹಿಂಡಿ, ಹಾಲು, ತಿನ್ನುವವರಿಗೆ ಮೊಟ್ಟೆ ಇದ್ದೇ ಇವೆ. ದೊಡ್ಡವರಿಗೆ ಮೈತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. 50 ಕಿಲೋ ತೂಗುವ ಆಯಿಗೆ ಎಷ್ಟಾಯಿತು? ಇಂದು ಅವಳ ತಟ್ಟೆಯಲ್ಲಿ ಎಷ್ಟಿತ್ತು? ಪಾಟಿಯ ಮೇಲೆ ಲೆಕ್ಕ ಮಾಡಿ ಅವಳಿಗೇ ತೋರಿಸಿ.