ಕಿರುಹಳಿಯ ರೈಲು

ಹಳೆಯದೆಲ್ಲವೂ ಹೊನ್ನೆಂದು ಕೊಂಡಾಡುವವರು ಕೆಲವರು. ಹಳೆಯದೆಲ್ಲವೂ ಹೊರೆಯೆಂದು ಕಳಚಿ ಎಸೆಯುವವರು ಮತ್ತೆ ಕೆಲವರು. ಈ ಎರಡೂ ವಿಚಾರವಂತರ ಮಾರ್ಗಗಳಲ್ಲ. ಒಂದು ವ್ಯವಸ್ಥೆ ಏಕೆ ಹುಟ್ಟಿತು, ಯಾರಿಗೆ ನೆರವಾಯಿತು, ಏಕೆ ಸೋತಿತು ಎಂಬುದನ್ನು ತೂಗಿ ನೋಡಿದ ಬಳಿಕವೇ ಅದರ ಬೆಲೆ ಕಟ್ಟಬೇಕು. ಕೋಲಾರ ಸೀಮೆಯ ನ್ಯಾರೋಗೇಜ್ ರೈಲುಮಾರ್ಗವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ಬ್ರಾಡ್‌ಗೇಜ್ ಮಾರ್ಗವು 1864ರಲ್ಲಿಯೇ ಸಿದ್ಧವಾಯಿತು. ಅದು ಬೌರಿಂಗ್‌ಪೇಟೆಯನ್ನು, ಎಂದರೆ ಇಂದಿನ ಬಂಗಾರಪೇಟೆಯನ್ನು, ಹಾದುಹೋದರೂ ಕೋಲಾರ ಪಟ್ಟಣವು ದೂರವೇ ಉಳಿಯಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಕಿರುಹಳಿಯ ರೈಲು ಬಂದಿತು. ಮುಂದೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಬೆಳೆಯಿತು. ಬೆಂಗಳೂರಿನ ಕಡೆಯಿಂದಲೂ ಯಲಹಂಕ, ದೇವನಹಳ್ಳಿಗಳನ್ನು ದಾಟಿ ಇನ್ನೊಂದು ಕಿರುಹಳಿ ಬಂದು ಕೂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ದಿನಗಳಲ್ಲಿ ಮೈಸೂರು ಸಂಸ್ಥಾನವು ರೈಲುಮಾರ್ಗಗಳ ವಿಸ್ತರಣೆಗೆ ವಿಶೇಷ ಗಮನವಿತ್ತಿತ್ತು.

ಬ್ರಾಡ್‌ಗೇಜ್ ಹಳಿಗಳ ನಡುವಣ ಅಂತರ 1676 ಮಿಲಿಮೀಟರು. ಈ ಕಿರುಹಳಿಯದು ಕೇವಲ 762 ಮಿಲಿಮೀಟರು. ಹಳಿ ಹಗುರ, ದಿಬ್ಬ ಕಿರಿದು, ತಿರುವು ಸುಲಭ. ಆದುದರಿಂದ ವೆಚ್ಚವೂ ಕಡಿಮೆ. ದೊಡ್ಡ ರೈಲಿಗಾಗಿ ಕಾಯುತ್ತ ಕುಳಿತಿದ್ದರೆ ಈ ಊರುಗಳಿಗೆ ಎಷ್ಟೋ ಕಾಲ ಯಾವ ರೈಲೂ ಬರುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದುದು ಅಂದಿನವರ ವಿವೇಕವೇ ಸರಿ.

ಆದರೆ ಆ ಮಿತವ್ಯಯದಲ್ಲಿಯೇ ಸೋಲಿನ ಬೀಜವೂ ಅಡಗಿತ್ತು. ಕಿರುಹಳಿಯ ಬಂಡಿ ದೊಡ್ಡ ಹಳಿಯ ಮೇಲೆ ಓಡಲಾರದು. ಬಂಗಾರಪೇಟೆಯಲ್ಲಿ ಬ್ರಾಡ್‌ಗೇಜ್, ಯಲಹಂಕದಲ್ಲಿ ಅಂದು ಮೀಟರ್‌ಗೇಜ್. ಎರಡು ತುದಿಗಳಲ್ಲಿಯೂ ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗಿತ್ತು. ರಸ್ತೆಗಳು ಸುಧಾರಿಸಿದಂತೆ ಲಾರಿಯು ಹೊಲದ ಬದಿಗೇ ಬಂದು ನಿಂತಿತು. ಬಸ್ಸು ಊರ ಬಾಗಿಲಿಗೇ ಬಂದಿತು. ಮೆಲ್ಲನೆ ಸಾಗುವ ರೈಲು ಈ ಸ್ಪರ್ಧೆಯಲ್ಲಿ ಹಿಂದುಳಿದುದು ಆಶ್ಚರ್ಯವಲ್ಲ.

1992ರಲ್ಲಿ ಭಾರತೀಯ ರೈಲ್ವೆಯು ದೇಶದ ಹಳಿಗಳನ್ನೆಲ್ಲ ಆದಷ್ಟು ಒಂದೇ ಅಳತೆಗೆ ತರುವ ಯೋಜನೆಯನ್ನು ಕೈಗೊಂಡಿತು. ಇಲ್ಲಿಯ ಮಾರ್ಗವೂ ಭಾಗಭಾಗವಾಗಿ ಬದಲಾಯಿತು. ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ರೈಲು ಓಡಿದುದು 2013ರಲ್ಲಿ. ಈ ಪರಿವರ್ತನೆ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ರೈಲು ನಿಂತು ಹೊಸದು ಬರುವ ನಡುವೆ ಅನೇಕ ವರ್ಷಗಳು ಉರುಳಿದವು. ಕಾರನ್ನು ಕೊಳ್ಳಬಲ್ಲವನಿಗೆ ಈ ವಿಳಂಬ ತಟ್ಟಲಾರದು. ರೈಲಿನ ಅಗ್ಗದ ಟಿಕೆಟನ್ನೇ ನಂಬಿದ ಕೂಲಿಕಾರನಿಗೂ ಸಣ್ಣ ರೈತನಿಗೂ ಅದು ದೊಡ್ಡ ನಷ್ಟ. ಹಳೆಯ ಸೇತುವೆಯನ್ನು ಕೆಡಹುವ ಮೊದಲು ಹೊಳೆ ದಾಟುವವರ ಗತಿಯೇನೆಂದು ಯೋಚಿಸಬೇಡವೆ?

ಇನ್ನೊಂದು ಮಾತು. ದೊಡ್ಡ ಹಳಿಯ ಮೇಲೆ ಓಡುವ ರೈಲು ದೊಡ್ಡ ಊರುಗಳನ್ನು ಮಾತ್ರ ಮುಟ್ಟಿದರೆ ಸಾಲದು. ಹಳ್ಳಿಯ ನಿಲುಗಡೆಯಲ್ಲಿ ಕಾಯುವ ಹತ್ತು ಜನರನ್ನೂ ಅದು ಹತ್ತಿಸಿಕೊಳ್ಳಬೇಕು. ದೇವನಹಳ್ಳಿ, ನಂದಿ ಮುಂತಾದೆಡೆಗಳ ಹಳೆಯ ನಿಲ್ದಾಣದ ಕಟ್ಟಡಗಳನ್ನು ಈಚೆಗೆ ಜೀರ್ಣೋದ್ಧಾರ ಮಾಡಿರುವುದು ಸಂತೋಷದ ಸಂಗತಿ. ಆದರೆ ಕಟ್ಟಡಕ್ಕಿಂತ ಮಿಗಿಲಾಗಿ ಉಳಿಯಬೇಕಾದುದು ಆ ಕಿರುಹಳಿಯನ್ನು ಹಾಕಿದವರ ಉದ್ದೇಶ. ಹಳಿ ಹಿಗ್ಗಿದಂತೆ ಅದನ್ನು ನಡೆಸುವವರ ದೃಷ್ಟಿಯೂ ಹಿಗ್ಗಿದರೆ ಮಾತ್ರ ಅದು ನಿಜವಾದ ಪ್ರಗತಿ.